ಹೊರಗೆ ಚಾಚಿದ ಚಕ್ರ

ಗುರುವಾರ, 14 ನವೆಂಬರ್

ಡ್ರಾಯಿಂಗ್ ಮೇಷ್ಟ್ರ ಕಾರು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಇವತ್ತು ನಾನು ಲೆಕ್ಕ ಬರೆಯುವ ಭಾವನ ಟೈರ್ ಅಂಗಡಿಯಲ್ಲಿ ಅದಕ್ಕೆ ಹೊಸ ಅಲಾಯ್ ಚಕ್ರ ಹಾಕಿದರು. ಹಳೆಯದಕ್ಕಿಂತ ಒಂದು ಇಂಚು ಅಗಲ. ಅರ್ಧ ಒಳಕ್ಕೆ ಬೆಳೆಯುತ್ತದೆ, ಅರ್ಧ ಹೊರಕ್ಕೆ. ಅದು ಸಾಲದೆಂಬಂತೆ ಆಫ್‌ಸೆಟ್ (ಚಕ್ರ ಒಳಗೆ ಕೂರುವ ಅಳತೆ) ಬೇರೆ ಹತ್ತು ಮಿಲಿಮೀಟರ್ ಕಡಿಮೆ. ಅಂದರೆ ಇಡೀ ಚಕ್ರವೇ ಅಷ್ಟು ಹೊರಕ್ಕೆ ಸರಿದು ಕೂರುತ್ತದೆ.

ಭಾವ ಕಾರನ್ನು ಲಿಫ್ಟ್ ಮೇಲಿಟ್ಟು ಚಕ್ರ ತಿರುಗಿಸಿ, "ಎಲ್ಲೂ ತಾಗಲ್ಲ ಮೇಷ್ಟ್ರೇ, ಮದುಮಗನ ಥರ ಇದೆ" ಎಂದರು. ಗಾಳಿಯಲ್ಲಿ ತೂಗುವ ಚಕ್ರ ಯಾವುದಕ್ಕೆ ತಾಗೀತು? ಕೆಳಗಿಳಿಸಿದ ಮೇಲೆ ನಾನು ಸುಮ್ಮನೆ ಬೆರಳಿಟ್ಟು ನೋಡಿದೆ. ಟೈರಿಗೂ ಮೇಲಿನ ಮಡ್‌ಗಾರ್ಡ್ ತಗಡಿನ ಅಂಚಿಗೂ ನಡುವೆ ಕಿರುಬೆರಳೂ ತೂರಲಿಲ್ಲ. ಅದೂ ಖಾಲಿ ಕಾರು. ನಾಳೆ ಐದು ಜನ ಕೂತು ಬೆಟ್ಟದ ದಾರಿ ಹಿಡಿಯುತ್ತಾರೆ. ಭಾರಕ್ಕೆ ಕಾರು ಕುಸಿದಾಗಲೆಲ್ಲ ಆ ಅಂಚು ಟೈರನ್ನು ಕೊಯ್ಯುತ್ತದೆ.

"ಮೆಕ್ಯಾನಿಕಲ್ ಓದಿದವಳು ನೀನು, ಹೇಳಮ್ಮ, ಹೇಗಿದೆ?" ಎಂದು ಮೇಷ್ಟ್ರು ನನ್ನನ್ನೇ ಕೇಳಿದರು. ಭಾವ ನೋಡುತ್ತಿದ್ದರು. "ಚೆನ್ನಾಗಿದೆ ಸರ್" ಎಂದೆ.

ಸಂಜೆ ಧೈರ್ಯ ಮಾಡಿ ಅವರಿಗೆ ಫೋನ್ ಮಾಡಿದೆ.

"ಯಾಕಮ್ಮ, ಏನಾದ್ರೂ ಬಿಟ್ಟು ಬಂದ್ನಾ?"

"ಇಲ್ಲ ಸರ್, ಹುಷಾರಾಗಿ ಹೋಗ್ಬನ್ನಿ ಅಂತ," ಎಂದುಬಿಟ್ಟೆ.

ಆ ಕಡೆ ಅವರು ಹೆಂಡತಿಗೆ ಹೇಳಿದ್ದು ಕೇಳಿಸಿತು: "ಎಷ್ಟು ಒಳ್ಳೆ ಹುಡುಗಿ ನೋಡೇ."

ಬೆಳಕು ಹರಿಯುವ ಮೊದಲೇ ಹೊರಡುತ್ತಾರಂತೆ. ಅದಕ್ಕೂ ಮೊದಲೇ ಎಬ್ಬಿಸಬೇಕು. ಭಾವ ಬೈದರೂ ಸರಿ, ಈ ಸಲ ಫೋನ್ ಎತ್ತಿದ ಕೂಡಲೇ ಮೊದಲ ಮಾತೇ "ಆ ಚಕ್ರ ಬಿಚ್ಚಿಸದೆ ಹೊರಡಬೇಡಿ ಸರ್" ಅಂತ.