ಸವಣೂರಿನ ಮರ, ರುವಾಹಾದ ಆನೆ

ರಾಣೆಬೆನ್ನೂರು, ೩೦ ಫೆಬ್ರವರಿ ೨೨೬೧

...ಅದಕ್ಕೇ ನೋಡಿ, ನಿನ್ನೆ ಆನೆಗಳ ವಿಷಯ ಬಂದಲ್ಲಿಗೆ ಬರೆಯುವುದನ್ನು ನಿಲ್ಲಿಸಿಬಿಟ್ಟೆ. ಮುಂದಿನದನ್ನು ಹೇಳಲು ನಾಚಿಕೆಯಾಗಿತ್ತು. ಮೇಲಿನ ತಾರೀಖು ಕಂಡು ಮುದುಕನಿಗೆ ಅರಳುಮರಳು ಅನ್ನಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರ ಅನ್ನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ಇವತ್ತು ನಾನು ಬಾಯಿ ತೆರೆಯುವಂತಿಲ್ಲ. ಸುಮ್ಮನೆ ಕೂರುವ ಜಾತಿಯೂ ನನ್ನದಲ್ಲ. ಹಾಗಾಗಿ ಇನ್ನೂರು ವರ್ಷ ಹಿಂದಿನ ನೀವು ಇವತ್ತೂ ನನ್ನ ಕೈಗೆ ಸಿಕ್ಕಿದಿರಿ.

ನಿಮ್ಮ ಹಾಗೆ ಟಿಕೆಟ್ ತೆಗೆಸಿ, ಜೀಪು ಹತ್ತಿ ಆಫ್ರಿಕದ ಕಾಡು ನೋಡುವುದು ನಮಗಿಲ್ಲ. ಒಂದು ಮನೆಗೆ ಒಂದೇ ಸರದಿ, ಅದೂ ಜೀವಮಾನದಲ್ಲಿ ಒಮ್ಮೆ. ತಾಂಜಾನಿಯಾದ ರುವಾಹಾದಲ್ಲಿ ಹೊಳೆಯ ದಂಡೆಗೆ ಒಂದು ಮಣ್ಣಿನ ಗೂಡಿದೆ. ಅದರೊಳಗೆ ನಾಲ್ಕಾರು ಜನ ಬೆಳಗಿನಿಂದ ಕತ್ತಲಾಗುವವರೆಗೆ ಮಾತಿಲ್ಲದೆ ಕೂರಬೇಕು. ಅಲ್ಲಿ ಬಂದೂಕು ನಿಂತು ಎಷ್ಟೋ ತಲೆಮಾರಾದವು. ಆದರೂ ಮನುಷ್ಯರ ದನಿ ಕೇಳಿದರೆ ತಾಯಿ ಆನೆ ಮರಿಗಳನ್ನು ತಿರುಗಿಸಿಕೊಂಡು ಹೊರಟುಬಿಡುತ್ತದಂತೆ. ಸಿಂಹ ಗರ್ಜಿಸಿದರೂ ಅಷ್ಟು ಹೆದರುವುದಿಲ್ಲವಂತೆ. ನಮ್ಮ ಹಿರಿಯರು ಅವಕ್ಕೆ ಬಿಟ್ಟುಹೋದ ಆಸ್ತಿ ಅದು. ಹಿರಿಯರು ಅಂದರೆ ನೀವೂ ಬಂದಿರಿ, ಬೇಸರ ಮಾಡಿಕೊಳ್ಳಬೇಡಿ.

ಅದಕ್ಕಾಗಿ ಹೊರಡುವ ಮೊದಲು ಮನೆಯಲ್ಲೇ ಮೂಕದಿನ ಮಾಡಿ ತೋರಿಸಬೇಕು. ಕಿವಿಚಿಪ್ಪು ಅಂತ ಒಂದು ಕಳಿಸಿದ್ದಾರೆ, ಪೂರಿಯಷ್ಟಗಲ, ನೀಲಿ ಬಣ್ಣ. ಮೇಜಿನ ಮೇಲೆ ಬಿದ್ದುಕೊಂಡಿರುತ್ತದೆ. ನಾವು ಬಾಯಿಬಿಟ್ಟರೆ ಕಪ್ಪಗಾಗುತ್ತದೆ, ಸುದ್ದಿ ರುವಾಹಾಕ್ಕೆ ಮುಟ್ಟುತ್ತದೆ. ಉಳಿದ ತಯಾರಿ ಸಲೀಸು: ಮಣ್ಣಿನ ಬಣ್ಣದ ಎರಡು ಜೊತೆ ಬಟ್ಟೆ, ಮೆತ್ತನೆ ಚಪ್ಪಲಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ. ಚಟ್ನಿ ಕುಟ್ಟಿಕೊಟ್ಟವಳು ಗಂಗಾ, ನನ್ನ ಹೆಂಡತಿ ಮುಕ್ತಾಳ ತಂಗಿ, ಹಿಂದಿನ ಓಣಿಯಲ್ಲೇ ಇದ್ದಾಳೆ. 'ಮಾವಾರ, ನೀವು ಬಾಯಿ ಮುಚ್ಚಿ ಕುಂತಿದ್ದು ನೋಡಾಕ ಆನಿನ ಇಲ್ಲಿಗೆ ಬರ್ತಾವ ತಗೋರಿ' ಅಂದಳು.

ಈ ಸರದಿಗೆ ಹೆಸರು ಬರೆಸಿದ್ದು ಮುಕ್ತಾ. ಅವಳ ತವರು ಸವಣೂರು. ಅಲ್ಲಿಯ ದೊಡ್ಡಹುಣಸೆ ಮರ ನಿಮ್ಮ ಕಾಲಕ್ಕೇ ಮುದಿಯಾಗಿತ್ತಲ್ಲ, ಆಫ್ರಿಕದಿಂದ ಬಂದ ಬಾವೊಬಾಬ್. ಅದರ ಬುಡದಲ್ಲೇ ಆಡಿ ಬೆಳೆದವಳು. ಆ ಜಾತಿಯ ಮರಕ್ಕೆ ಅದರ ಸ್ವಂತ ಊರಿನಲ್ಲಿ ಆನೆ ಮೈ ಉಜ್ಜುವುದನ್ನು ನೋಡಬೇಕು ಅನ್ನುತ್ತಿದ್ದಳು. ಸರದಿ ಬಂದಾಗ ಅವಳಿರಲಿಲ್ಲ. ನನ್ನೊಬ್ಬನದೇ ಹೆಸರು ಕಳಿಸಿದೆ.

ಹೋದ ವಾರ ಮೊದಲ ಮೂಕದಿನ. ಮಧ್ಯಾಹ್ನದವರೆಗೆ ಗೆದ್ದೆ. ಚಹಾ ಸೋಸುತ್ತ, ಗೊತ್ತಿಲ್ಲದೆಯೇ, 'ಮುಕ್ತಾ, ಶುಂಠಿ ಜಾಸ್ತಿ ಆತೇನ?' ಅಂದೆ. ದಿನಾ ಅನ್ನುವುದೇ. ಚಿಪ್ಪು ಕಪ್ಪಾಯಿತು. ಕೂಡಲೇ ರುವಾಹಾದ ಉಸ್ತುವಾರಿ ಹೆಣ್ಣುಮಗಳು ನೀಮಾ ಅದರೊಳಗಿಂದ ಮಾತಾಡಿದಳು. ನಮ್ಮ ಕಾಲದಲ್ಲಿ ಇಂಗ್ಲಿಷ್ ಆಡುವವರು ಅಪರೂಪ, ಆದರೆ ಅವಳಿಗೂ ನನಗೂ ಇಬ್ಬರಿಗೂ ಬರುವ ಭಾಷೆ ಅದೊಂದೇ. ನಾನು ಕಾಲೇಜಿನಲ್ಲಿ ಓದಿದ್ದು ಅರ್ಧ ಮರೆತಿದೆ. 'ಗುಡ್ ಆಫ್ಟರ್‌ನೂನ್ ಮೇಡಂ, ಐ ಆಮ್ ವೆರಿ ವೆರಿ ಸೈಲೆಂಟ್ ಮೇಡಂ' ಅಂದೆ. ಅವಳು ನಕ್ಕಳು. 'ಮ್ಝೇ' ಅಂದಳು, ಅವರಲ್ಲಿ ಯಜಮಾನರೇ ಅಂದ ಹಾಗೆ, ಯಾರ ಜೊತೆ ಮಾತಾಡಿದಿರಿ ಅಂತ ಕೇಳಿದಳು. ಸತ್ತವಳ ಜೊತೆ ಅನ್ನಲು ನಾಚಿಕೆಯಾಯಿತು ನನಗೆ. 'ಮೈ ವೈಫ್ ಮೇಡಂ. ಇನ್ ಕಿಚನ್' ಅಂದುಬಿಟ್ಟೆ.

ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಬರುವುದುಂಟೇ ಅಂತ ಅವಳು ಗೂಡಿನಲ್ಲಿ ಇನ್ನೊಂದು ಜಾಗ ಮಾಡಿಕೊಟ್ಟಿದ್ದಾಳೆ. ಗದಗಿನ ಒಬ್ಬ ಮುದಿ ನರ್ಸಮ್ಮನ ಸರದಿ ತಪ್ಪಿಸಿ ಕೊಟ್ಟಿದ್ದಂತೆ. ಹಾಗಂತ ಅವಳೇ ಹೇಳಿದಳು, ಸಂತೋಷದಿಂದ. ನಾನು 'ಥ್ಯಾಂಕ್ಯೂ' ಅಂದೆ. ಏನು ಮುಖ ನನ್ನದು.

ಗಂಗಾಳಿಗೆ ಹೇಳಿಕೊಂಡೆ. 'ಅಕ್ಕನ ಹೆಸರಿನಾಗ ನಾನ ಬರ್ತೀನಿ ಬಿಡ್ರಿ. ಸುಮ್ಮನ ಕುಂದ್ರಾಕ ನನಗರ ಬರತದ' ಅಂದು ನಕ್ಕಳು. ಆಮೇಲೆ ನಗಲಿಲ್ಲ, ನನ್ನನ್ನೇ ನೋಡಿದಳು. ನಾನು ಆಗಲೇ ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ವಾರವೆಲ್ಲ ಅದನ್ನೇ ಲೆಕ್ಕ ಹಾಕಿದ್ದೇನೆ. ನಿಜ ಹೇಳಿದರೆ ಸುಳ್ಳುಗಾರನ ಸರದಿ ಹೋಯಿತು. ಇನ್ನೊಮ್ಮೆ ಬರುವುದಿಲ್ಲ, ಮುಕ್ತಾಳ ಮರವೂ ಇಲ್ಲ, ಆನೆಯೂ ಇಲ್ಲ. ಹೇಳದಿದ್ದರೆ ಗದಗಿನ ನರ್ಸಮ್ಮನ ಜಾಗ ಕಿತ್ತುಕೊಂಡು ಕೂತು ನಾನು ಏನನ್ನು ನೋಡಲಿ?

ಮೊದಲನೆಯದರಲ್ಲಿ ಸೋತದ್ದಕ್ಕೆ ಇವತ್ತು ಎರಡನೆಯ ಮೂಕದಿನ. ಬೆಳಗಿನಿಂದ ಒಂದು ಮಾತೂ ಆಡಿಲ್ಲ. ದೀಪ ಹಚ್ಚುವ ಹೊತ್ತಿಗೆ ನೀಮಾ ಕೇಳುತ್ತಾಳೆ, ಇಬ್ಬರೂ ತಯಾರೇ ಅಂತ.

ನಿಮ್ಮಲ್ಲಿ ಯಾರಾದರೂ ಅಲ್ಲಿಗೆ ಹೋಗುವವರಿದ್ದರೆ ಒಂದು ವಿನಂತಿ. ಆನೆ ಕಂಡಾಗ ದನಿ ತಗ್ಗಿಸಿ. ಅದರ ಮರಿ ಕೇಳಿಸಿಕೊಳ್ಳುತ್ತಿರುತ್ತದೆ.

ಈ ಸಾಲು ಸೊಟ್ಟಗೆ ಬರುತ್ತಿದೆ, ಬೆಳಕು ಹೋಗುತ್ತಿದೆ. ಇನ್ನು ಬಾಯಿ ತೆರೆಯಬಹುದು. ಮೊದಲ ಮಾತು ನೀಮಾಳಿಗೆ, ಅಡುಗೆಮನೆಯಲ್ಲಿ ಯಾರೂ ಇಲ್ಲ ಅಂತ. ಮುಕ್ತಾಳಿಗೆ ಆಮೇಲೆ ಹೇಳುತ್ತೇನೆ.