ಮೂರನೆಯ ತೊಲೆ

ಮಂಜು ಠಾಣೆ, ಗ್ರೀನ್‌ಲ್ಯಾಂಡಿನ ಉತ್ತರ ಕರಾವಳಿ
ಉಳಿಕೆ ತಿಂಗಳ 4, ಇಸವಿ 2168

ಪ್ರೀತಿಯ ಇಂದುಮತಿ ಅಜ್ಜಿಗೆ,

ನನಗೆ ಮದುವೆಯಾಯಿತು! ಹನ್ನೊಂದು ದಿನವಾಯಿತು. ಈ ಠಾಣೆಯಲ್ಲಿ ಇರುವವರೇ ಮೂವರು. ಅವರಲ್ಲಿ ಒಬ್ಬಳು ನಾನು, ಇನ್ನೊಬ್ಬ ನನ್ನ ಗಂಡ. ಹಾಗಾಗಿ ಸುದ್ದಿ ಹೇಳಲು ಸಿಕ್ಕಿದ್ದು ಒಬ್ಬರೇ, ಅವರಿಗೇ ಹತ್ತು ಸಲ ಹೇಳಿದ್ದೇನೆ. ನಿಮಗೆ ಹೇಳುತ್ತಿರುವುದು ಹನ್ನೊಂದನೆಯ ಸಲ.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ವರ್ಷಕ್ಕೆ ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳು. ಕೊನೆಯದನ್ನು ಉಳಿಕೆ ಎನ್ನುತ್ತೇವೆ, ನಿಮ್ಮ ಮಾರ್ಚಿನ ಆಸುಪಾಸಿಗೆ ಬರುತ್ತದೆ. ನನ್ನ ಕನ್ನಡವನ್ನೂ ಕ್ಷಮಿಸಿಬಿಡಿ. ಓದಿದ್ದೆಲ್ಲ ಇಂಗ್ಲಿಷ್ ಶಾಲೆಯಲ್ಲಿ. ಬರೆಯಲು ಕಲಿಸಿದ್ದು ಅಮ್ಮ, ಅದೂ ಕಿವಿ ಹಿಂಡಿ. ನಮ್ಮ ಕಾಲದಲ್ಲಿ ಮದುವೆಯಾದ ಹುಡುಗಿ ತಾನು ಕಂಡಿರದ ಒಬ್ಬ ಹಿರಿಯಳಿಗೆ ಕಾಗದ ಬರೆಯಬೇಕು. ಅದಕ್ಕೆ ಹಿಂದೋಲೆ ಎಂದು ಹೆಸರು. ತಾಯಿ ಅದನ್ನು ತವರಿನಲ್ಲಿ ನೆಂಟರ ಮುಂದೆ ಗಟ್ಟಿಯಾಗಿ ಓದುತ್ತಾಳೆ. ಹೆಚ್ಚಿನ ಹುಡುಗಿಯರು ಒಳ್ಳೆಯ ಅಡುಗೆ ಮಾಡುತ್ತಿದ್ದ ಅಜ್ಜಿಯೊಬ್ಬರನ್ನು ಆರಿಸಿಕೊಳ್ಳುತ್ತಾರೆ. ನಾನು ನಿಮ್ಮನ್ನು ಆರಿಸಿಕೊಂಡದ್ದು ನಿಮ್ಮ ಮೇಲೆ ಸಿಟ್ಟು ಬಂದಿದ್ದರಿಂದ.

ನೀವು ನನ್ನ ಮುತ್ತಜ್ಜಿಯ ಅಜ್ಜಿ. ನಾನು ಕಲ್ಪಿಸಿಕೊಳ್ಳುವ ಇಂದುಮತಿ ತಾಂಡೇಲರಿಗೆ ಈಗ ಮೂವತ್ತೈದು ವರ್ಷ. ಕಾರವಾರದ ಮೀನುಗಾರರ ಮನೆಯಿಂದ ಹೊರಟು, ಹಿಮ ಎಂದರೆ ಫ್ರಿಜ್ಜಿನೊಳಗಿನದು ಎಂದುಕೊಂಡಿದ್ದ ಊರನ್ನು ಬಿಟ್ಟು, ಕಡಲ ಮೇಲಿನ ಮಂಜುಗಡ್ಡೆ ಎಷ್ಟು ಬಾಗಿದರೆ ಮುರಿಯುತ್ತದೆ ಎಂದು ಅಳೆಯುತ್ತಿದ್ದೀರಿ. ಹದಿನಾರು ದೇಶಗಳು ಸೇರಿ ಆ ಕೆಲಸ ಮಾಡುವ ಒಪ್ಪಂದವೊಂದರ ಕರಡು ನಿಮ್ಮ ಮೇಜಿನ ಮೇಲಿದೆ. ಅದರ ಹತ್ತೊಂಬತ್ತನೆಯ ಸಾಲನ್ನು ನೀವಿನ್ನೂ ಬರೆದಿಲ್ಲ. ನನ್ನ ಸಿಟ್ಟೆಲ್ಲ ಆ ಸಾಲಿನ ಮೇಲೆ.

ಕೆಲಸ ನಿಮಗೆ ಗೊತ್ತು, ಆದರೆ ಅಮ್ಮ ಇದನ್ನು ಅತ್ತೆಯಂದಿರ ಮುಂದೆ ಓದುತ್ತಾಳೆ, ಅವರಿಗಾಗಿ ಹೇಳುತ್ತೇನೆ. ಹೆಪ್ಪುಗಟ್ಟಿದ ಕಡಲಿನಲ್ಲಿ ಉದ್ದನೆಯ ತುಂಡೊಂದನ್ನು ಮೂರು ಬದಿ ಗರಗಸದಿಂದ ಕೊಯ್ಯುತ್ತೇವೆ. ನಾಲ್ಕನೆಯ ಬದಿ ಮಂಜಿಗೇ ಅಂಟಿಕೊಂಡಿರುತ್ತದೆ. ಅದೇ ತೊಲೆ. ತುದಿಯನ್ನು ಯಂತ್ರದಿಂದ ಕೆಳಕ್ಕೆ ಒತ್ತಿದರೆ ಅದು ಬುಡದಲ್ಲಿ ಪಟ್ಟೆಂದು ಮುರಿಯುತ್ತದೆ. ಆಚೆ ಈಚೆ ನಿಂತ ಇಬ್ಬರು ಎಷ್ಟು ಭಾರಕ್ಕೆ ಮುರಿಯಿತೆಂದು ಓದಿ, ಒಬ್ಬರಿಗೊಬ್ಬರು ತೋರಿಸದೆ ಬರೆದು, ಆಮೇಲೆ ಕಾಗದ ತಿರುಗಿಸುತ್ತಾರೆ. ಪ್ರತಿ ಚಳಿಗಾಲಕ್ಕೆ ಮೂರು ತೊಲೆ. ನೂರ ನಲವತ್ತು ಚಳಿಗಾಲ ಒಂದೂ ತಪ್ಪಿಲ್ಲ, ಇದು ನೂರ ನಲವತ್ತೊಂದನೆಯದು. ಒಂದು ತಪ್ಪಿದರೂ ಒಪ್ಪಂದ ತಾನಾಗಿ ಮುಗಿದುಹೋಗುತ್ತದೆ. ಹಾಗಾಗಲಿ ಎಂದು ಕಾಯುತ್ತಿರುವ ದೇಶಗಳೂ ಇವೆ. ಇನ್ನುಳಿದಿರುವ ಇಷ್ಟೇ ಇಷ್ಟು ಮಂಜಿಗೆ ಇಷ್ಟೊಂದು ಖರ್ಚು ಯಾಕೆ ಎಂಬುದು ಅವರ ಮಾತು.

ನಿಜ, ಉಳಿದಿರುವುದು ಇಷ್ಟೇ. ನಿಮ್ಮ ಕಾಲದಲ್ಲಿ ಎರಡು ಮೀಟರ್ ದಪ್ಪವಿದ್ದ ಕಡೆ ಈಗ ಅರವತ್ತೆರಡು ಸೆಂಟಿಮೀಟರ್. ಏಳು ತಿಂಗಳಿಂದ ಅದರ ಮೇಲೆ ನಡೆದು ನಡೆದು ನನ್ನ ಮೊಣಕಾಲು ಮುದುಕಿಯದಾಗಿದೆ. ಬೆಳಗ್ಗೆ ಎದ್ದರೆ ಮೊದಲು ಬೆಚ್ಚಂಗಿ ತೊಡಬೇಕು. ಅದು ನಾವು ನಡೆದಷ್ಟೂ ಬಿಸಿಯಾಗುವ ಬನಿಯನ್, ನಿಂತರೆ ಅದೂ ತಣ್ಣಗಾಗುತ್ತದೆ. ಆದ್ದರಿಂದ ಇಲ್ಲಿ ಯಾರೂ ನಿಲ್ಲುವುದಿಲ್ಲ, ಕಾಗದ ಪತ್ರವನ್ನೂ ಓಡಾಡುತ್ತಲೇ ಓದುತ್ತೇವೆ. ಊಟಕ್ಕೆ ತೊಟ್ಟಿಯಲ್ಲಿ ಬೆಳೆದ ಬೇಳೆ, ವಾರಕ್ಕೊಮ್ಮೆ ಅಮ್ಮ ಕಟ್ಟಿಕೊಟ್ಟ ಒಣ ಸಿಗಡಿ ಚಟ್ನಿ ಒಂದೊಂದೇ ಚಮಚ. ಹೊರಲೋಕದಿಂದ ಗಾಳಿಹಡಗು, ಅಂದರೆ ಹಾಯಿ ಕಟ್ಟಿದ ಹಡಗು, ಏಳು ತಿಂಗಳಿಗೊಮ್ಮೆ ಬಂದು ಒಂದು ಗಂಟೆ ನಿಂತು ಹೋಗುತ್ತದೆ. ಸುಸ್ತಾಗಿದೆ ಅಜ್ಜಿ. ಹೊಸ ಮದುವಣಗಿತ್ತಿ ಹೀಗೆ ಹೇಳಬಾರದು, ಆದರೆ ಖುಷಿಯಾಗಿರಲಿಕ್ಕೂ ಈಗ ಸುಸ್ತು.

ನನ್ನ ಗಂಡನ ಹೆಸರು ಅಕ್ಕಲುಕ್. ಇಲ್ಲಿಯವನೇ, ಈ ಕೊಲ್ಲಿಯ ಬೇಟೆಗಾರರ ಮನೆಯವನು. ಎಲ್ಲಿ ಕಾಲಿಟ್ಟರೆ ಮಂಜು ತಾಳುತ್ತದೆ, ಎಲ್ಲಿ ತಾಳುವುದಿಲ್ಲ ಎಂದು ಅವನಿಗೆ ಬೂಟಿನ ಸದ್ದಿನಲ್ಲೇ ಗೊತ್ತಾಗುತ್ತದೆ. ಓಹ್, ಅವನು ಎಷ್ಟು ಒಳ್ಳೆಯವನು! ಅಮ್ಮನಿಗೆ ಫೋನಿನಲ್ಲಿ ಪರಿಚಯ ಮಾಡಿಸಿದಾಗ ಅವಳು ಕೇಳಿದ್ದು ಒಂದೇ: "ಹುಡ್ಗ ಮೀನು ತಿಂತಾನಾ ಇಲ್ವಾ ಹೇಳು ಮಾರಾಯ್ತಿ, ಉಳ್ದದ್ದೆಲ್ಲ ಆಮೇಲೆ." ಹಸಿಯಾಗಿಯೂ ತಿನ್ನುತ್ತಾನೆ ಎಂದೆ. ಅಮ್ಮ, "ಇರ್ಲಿ, ಬೇಯ್ಸೂದು ನಾ ಕಲಿಸ್ತೆ" ಎಂದಳು.

ನಾವು ಅಂದುಕೊಂಡದ್ದು ಹೀಗೆ: ಬೆಳಗ್ಗೆ ಮೂರನೆಯ ತೊಲೆ ಮುರಿಯುವುದು, ಮಧ್ಯಾಹ್ನ ಮದುವೆ, ಉಳಿಕೆ ತಿಂಗಳ ಹಡಗಿಗೆ ಇಬ್ಬರೂ ಕಾರವಾರಕ್ಕೆ. ಆದರೆ ಅಮ್ಮ ಪಂಚಾಂಗ ತೆಗೆದಳು. "ಒಂಬತ್ತಕ್ಕೆ ಮುಹೂರ್ತ ಲಾಯ್ಕಿದೆ. ಮಧ್ಯಾಹ್ನ ಬ್ಯಾಡ." ಯಾವ ಊರಿನ ಒಂಬತ್ತು ಎಂದು ಅಕ್ಕಲುಕ್ ಕೇಳಿದ. "ನೀವಿದ್ದಲ್ಲಿದು" ಎಂದಳು. ಸರಿ, ಒಂಬತ್ತಕ್ಕೆ ಮಂಜಿನ ಮೇಲೆ ಮದುವೆ. ಠಾಣೆಯ ಮುಖ್ಯಸ್ಥೆ ಮಾರಿಟ್ ನಾರ್ವೆಯವರು, ಅರವತ್ತೊಂದು ವರ್ಷ, ಅಡುಗೆಯೂ ಅವರದೇ, ಯಂತ್ರ ರಿಪೇರಿಯೂ ಅವರದೇ. ಮದುವೆ ಮಾಡಿಸಿದವರೂ ಅವರೇ. ಹನ್ನೊಂದಕ್ಕೆ ನಾವಿಬ್ಬರೂ ಹೋಗಿ ತೊಲೆ ಮುರಿದೆವು. ಎರಡನ್ನೂ ಠಾಣೆಯ ದಿನಚರಿಯಲ್ಲಿ ಒಂದರ ಕೆಳಗೊಂದು, ಗಂಟೆ ನಿಮಿಷ ಸಮೇತ, ನನ್ನ ಕೈಯಿಂದಲೇ ಬರೆದು ಕಚೇರಿಗೆ ಕಳಿಸಿದೆ.

ಮೊನ್ನೆ ಕಚೇರಿಯಿಂದ ಉತ್ತರ ಬಂತು. ಮೊದಲ ಸಾಲು ಶುಭಾಶಯ. ಎರಡನೆಯದು ನಿಮ್ಮದು: ತೊಲೆಯ ಎರಡು ಬದಿಗೆ ನಿಲ್ಲುವವರು ಬೇರೆ ಬೇರೆ ದೇಶದವರಾಗಿರಬೇಕು, ಮತ್ತು ಒಂದೇ ಮನೆಯವರಾಗಿರಬಾರದು. ಹನ್ನೊಂದು ಗಂಟೆಗೆ ನಾವು ಎರಡು ಗಂಟೆಯಿಂದ ಒಂದೇ ಮನೆಯವರಾಗಿದ್ದೆವು. ಮೂರನೆಯ ತೊಲೆ ಲೆಕ್ಕಕ್ಕಿಲ್ಲ. ಮಾರಿಟ್ ಜೊತೆ ಇನ್ನೊಂದು ಮುರಿಯೋಣವೆಂದರೆ, ಸಂಖ್ಯೆಗೆ ಮೊಹರು ಹಾಕುವ ಮುಖ್ಯಸ್ಥೆ ತಾವೇ ತೊಲೆಗೆ ನಿಲ್ಲುವಂತಿಲ್ಲ.

ಮಾರಿಟ್ ದಿನಚರಿಯನ್ನು ನನ್ನ ಮುಂದೆ ತಳ್ಳಿದರು. "ಮಗಳೇ, ಪುಸ್ತಕ ಇಲ್ಲೇ ಇದೆ. ಸಂತೋಷದಲ್ಲಿ ಗಂಟೆ ಅದಲುಬದಲಾಯ್ತು ಅಂತ ತಿದ್ದಿ ಕಳಿಸು. ಮದುವೆ ಹನ್ನೊಂದಕ್ಕೆ, ತೊಲೆ ಒಂಬತ್ತಕ್ಕೆ. ನೋಡಿದ್ದು ನಾನೊಬ್ಬಳೇ, ನನಗೆ ಮರೆವು ಜಾಸ್ತಿ."

ಪೆನ್ನು ಹಿಡಿದೆ, ಸುಳ್ಳು ಹೇಳುವುದಿಲ್ಲ. ಅಕ್ಕಲುಕ್ ಓಡಾಡುತ್ತ, "ಈ ನಿಯಮ ಬರೆದ ನಿಮ್ಮ ಅಜ್ಜಿಗೆ ಮದುವೆಯಾಗಿತ್ತೇನು?" ಎಂದ. "ಆಗದೆ ನಾನೇನು ಮಂಜಿನಿಂದ ಎದ್ದು ಬಂದೆನಾ?" ಎಂದೆ. ಆಮೇಲೆ ಹಳೆಯ ಕಡತ ತೆಗೆದು, ಯಾಕೆ ಬರೆದಿರಿ ಎಂದು ಓದಿದೆ.

ನಿಮಗಿಂತ ಮೊದಲು ಕೆಲವು ದೇಶದವರು ತೊಲೆಯನ್ನು ಕೆಳಕ್ಕೆ ಒತ್ತುತ್ತಿದ್ದರು, ಕೆಲವರು ಮೇಲಕ್ಕೆ ಎತ್ತುತ್ತಿದ್ದರು. ಮಂಜಿನ ಮೇಲ್ಮೈ ತಣ್ಣಗೆ, ಗಟ್ಟಿ. ತಳ ಕಡಲ ನೀರಿನಲ್ಲಿ ನೆಂದು ಮೆತ್ತಗೆ. ಒಂದೇ ಮಂಜು ಎರಡು ಉತ್ತರ ಕೊಡುತ್ತಿತ್ತು. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ಇನ್ನೊಬ್ಬರನ್ನು ಕಳ್ಳರೆಂದರು. ಆಗ ನೀವು ನಿಮ್ಮ ಅಪ್ಪನ ಕಡಲತೀರದ ಪದ್ಧತಿ ಹೇಳಿದಿರಿ. ಬಲೆಯ ಮೀನನ್ನು ಪಾಲು ಹಾಕುವವನೂ ಪಾಲು ಸರಿಯಿದೆ ಎನ್ನುವವನೂ ಒಂದೇ ಮನೆಯವರಾದರೆ ಮರುದಿನ ಯಾರೂ ಬಲೆ ಎಳೆಯಲು ಬರುವುದಿಲ್ಲ. ಈಗ ಜಗತ್ತಿನಲ್ಲೆಲ್ಲ ಅದನ್ನು ಕಾರವಾರ ನಿಯಮ ಎನ್ನುತ್ತಾರೆ. ಎರಡು ದೇಶಗಳ ಸೈನ್ಯ ಎದುರುಬದುರು ನಿಂತ ಚಳಿಗಾಲದಲ್ಲೂ ಆ ಎರಡೂ ದೇಶದವರು ಇದೇ ಕೊಲ್ಲಿಯಲ್ಲಿ ಒಂದು ತೊಲೆಯ ಆಚೆ ಈಚೆ ನಿಂತಿದ್ದಾರೆ. ಮಾತಾಡಲಿಲ್ಲವಂತೆ. ಕಾಗದ ತಿರುಗಿಸಿದರಂತೆ, ಅಷ್ಟೇ.

ಓದುತ್ತಿದ್ದಂತೆ ನನ್ನದೇ ಕಾಗದದ ಯೋಚನೆ ಬಂತು. ಮದುವೆಯ ದಿನ ತೊಲೆ ಮುರಿದಾಗ ನಾನು ನೋಡುತ್ತಿದ್ದದ್ದು ಯಂತ್ರವನ್ನೋ, ಅಕ್ಕಲುಕನ ಮುಖವನ್ನೋ? ಅವನು ಸಂಖ್ಯೆಯನ್ನು ಬಾಯಲ್ಲೇ ಗುನುಗಿದ್ದನೇ? ನಮ್ಮಿಬ್ಬರ ಸಂಖ್ಯೆ ಕೊನೆಯ ಅಂಕಿಯವರೆಗೂ ಒಂದೇ ಇತ್ತು. ಮೊದಲೆರಡು ತೊಲೆಗಳಲ್ಲಿ ಹಾಗಾಗಿರಲಿಲ್ಲ. ನಾನು ಅವನಿಂದ ಕೇಳಿ ಬರೆದೆನೋ ಇಲ್ಲವೋ, ಪ್ರಾಮಿಸ್, ನನಗೆ ನೆನಪಿಲ್ಲ. ಪೆನ್ನು ಕೆಳಗಿಟ್ಟೆ.

ನಾಳೆಯ ಹಡಗಿನಲ್ಲಿ ಚಿಲಿ ದೇಶದ ಒಬ್ಬ ವಿಜ್ಞಾನಿ ಇದ್ದಾರೆ, ಬೇರೆ ಠಾಣೆಗೆ ಹೊರಟವರು. ಅವರು ಇಲ್ಲಿಳಿದು ಮೂರನೆಯ ತೊಲೆಗೆ ನಿಲ್ಲಲು ಒಪ್ಪಿದ್ದಾರೆ. ಠಾಣೆಯಲ್ಲಿ ಮೂವರಿಗಷ್ಟೇ ಹಾಸಿಗೆ, ಮೂವರಿಗಷ್ಟೇ ಬೇಳೆ. ಒಬ್ಬರು ಹೊರಡಬೇಕು. ತಾಳುವ ಮಂಜು ಯಾವುದೆಂದು ಗೊತ್ತಿರುವವನು ಅಕ್ಕಲುಕ್ ಒಬ್ಬನೇ, ಆದ್ದರಿಂದ ಹೊರಡುವವಳು ನಾನು. ಅವನು ಬರುವುದು ಮುಂದಿನ ಹಡಗಿಗೆ, ಏಳು ತಿಂಗಳ ಮೇಲೆ. ನಿನ್ನೆ ಇಬ್ಬರೂ ಸೇರಿ ನನ್ನ ಪೆಟ್ಟಿಗೆ ಕಟ್ಟಿದೆವು. ಇಬ್ಬರೂ ದಣಿದಿದ್ದೆವು.

ಆ ಸಾಲನ್ನು ಹೊಡೆದುಹಾಕಿ ಎಂದು ಬೇಡಿಕೊಳ್ಳಲು ಈ ಕಾಗದ ಶುರುಮಾಡಿದ್ದೆ. ಬೇಡ, ಇರಲಿ, ಹಾಗೆಯೇ ಬರೆಯಿರಿ. ಅದರ ಕೆಳಗೆ ಇನ್ನೊಂದು ಚಿಕ್ಕ ಸಾಲು ಸೇರಿಸಲು ಆಗುವುದಾದರೆ ನೋಡಿ: ಮದುವೆಯ ದಿನ ಯಾರೂ ತೊಲೆ ಮುರಿಯಬಾರದು. ಹದಿನಾರು ದೇಶಗಳೂ ಒಪ್ಪುತ್ತವೆ ಎಂದು ನನಗನ್ನಿಸುತ್ತದೆ.

ಇನ್ನು ಇದನ್ನು ಗಟ್ಟಿಯಾಗಿ ಓದುತ್ತಿರುವ ಅಮ್ಮನಿಗೆ. ಅಮ್ಮಾ, ಮುಹೂರ್ತ ನೋಡಿದ್ದು ನಿನ್ನ ತಪ್ಪಲ್ಲ, ಅತ್ತೆಯಂದಿರ ಮುಂದೆ ಅಳಬೇಡ. ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ, ಈ ಕಾಗದದ ಫೋಟೋ ಮಾತ್ರ ಕಳಿಸುತ್ತಿದ್ದೇನೆ. ಉಳಿಕೆ ತಿಂಗಳ ಹತ್ತೊಂಬತ್ತು, ಶುಕ್ರವಾರ, ಮಡಗಾಂವಿನಿಂದ ಬರುವ ಬೆಳಗಿನ ಲೋಕಲ್ ಗಾಡಿ. ಏಳೂವರೆಗೆ ಕಾರವಾರ. ಒಬ್ಬಳೇ ಇಳಿಯುತ್ತೇನೆ.

ನಿಮ್ಮ
ಊರ್ಮಿ