ಅಮ್ಮನ ಬೆನ್ನಿನ ಸುದ್ದಿ

ಲಾವೆಯಾನ್, ಸೋಲೋ
ಆಗಸ್ಟ್ 14, 2024

ನನ್ನ ಮುದ್ದಿನ ಹಸ್ತುತಿಗೆ,

ಅಪ್ಪನ ಅಕ್ಕರೆ. ನಿನ್ನ ನೆಗಡಿ ಬಿಟ್ಟಿತೇ? ನೀನು ಕೆಲಸಕ್ಕಿದ್ದು ನೋಡಿಕೊಳ್ಳುವ ತೈವಾನಿನ ಆ ಅಜ್ಜಿಯನ್ನು ಹಾಸಿಗೆಯಿಂದ ಎತ್ತಿ ಎತ್ತಿ ನಿನ್ನ ಸೊಂಟ ಹೇಗಿದೆ? ನಿನ್ನ ವಯಸ್ಸಿನವರನ್ನು ಇದೆಲ್ಲ ಕೇಳಬಾರದು, ಆದರೆ ಈಗ ನಮ್ಮ ಮನೆಯಲ್ಲಿ ಬೆನ್ನು ಬಿಟ್ಟು ಬೇರೆ ಮಾತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಮ್ಮ ಪಕ್ಕದಲ್ಲೇ ಕೂತು ನನ್ನನ್ನು ಕೇಳಿದ್ದಕ್ಕೆಲ್ಲ ತಾನೇ ಉತ್ತರ ಕೊಡುತ್ತಾಳೆ. ಅದಕ್ಕೇ ಈ ಕಾಗದ.

ಗಾಬರಿಯಾಗಬೇಡ, ಮೊದಲೇ ಹೇಳಿಬಿಡುತ್ತೇನೆ. ಅವಳ ಹಿಮ್ಮಡಿಯ ಚರ್ಮದ ಕ್ಯಾನ್ಸರ್ ತಿರುಗಿ ಬಂದಿಲ್ಲ. ಮೂರು ವಾರಕ್ಕೊಮ್ಮೆ ಏರಿಸುವ ಇಮ್ಯುನೊಥೆರಪಿ ಔಷಧಿ ತನ್ನ ಕೆಲಸ ಮಾಡುತ್ತಿದೆ. ಆದರೆ ಎರಡು ತಿಂಗಳಿನಿಂದ ಅವಳಿಗೆ ಬೆನ್ನು ನೋವು. ಕ್ಯಾನ್ಸರ್ ಮೂಳೆಗೆ ಇಳಿದಿದೆ ಎಂದು ತಾನೇ ತೀರ್ಮಾನಿಸಿ, ಯಾರಿಗೂ ಹೇಳದೆ, ಇದ್ದಷ್ಟು ದಿನದಲ್ಲಿ ನಿನ್ನ ಮದುವೆಯ ಬಾತಿಕ್ ಬಟ್ಟೆ ಮುಗಿಸಲು ಹೊರಟಿದ್ದಳು. ಬೆಳಗಿನಿಂದ ಸಂಜೆಯವರೆಗೆ ಆ ಗೇಣೆತ್ತರದ ಮಣೆಯ ಮೇಲೆ ಬಗ್ಗಿ ಕೂತು ಬಿಸಿ ಮೇಣದಲ್ಲಿ ಗೆರೆ ಎಳೆಯುವುದೇ ಎಳೆಯುವುದು. ಮದುವೆಗೆ ಇನ್ನೂ ವರ್ಷವಿದೆಯಲ್ಲೇ ಎಂದರೆ, "ನಿಮ್ಗೇನ್ ಗೊತ್ತು, ಸುಮ್ನಿರಿ" ಎಂದಳು. ನಾನೊಬ್ಬ ಮೂರ್ಖ, ಸುಮ್ಮನಿದ್ದೆ. ಕಳೆದ ವಾರ ಮೇಣದ ಬಾಣಲೆ ಇಳಿಸಲು ಬಗ್ಗಿದವಳು ಏಳಲಾಗದೆ ಅಲ್ಲೇ ಕೂತಾಗ ಬಾಯಿ ಬಿಟ್ಟಳು. ಮರುದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಸ್ಕ್ಯಾನ್ ನೋಡಿ ಡಾಕ್ಟರಮ್ಮ ಹೇಳಿದರು: "ಅಮ್ಮಾ, ಇದು ಗಡ್ಡೆ ಅಲ್ಲ. ಬೆನ್ನುಮೂಳೆ ಸವೆದು ಒಂದು ಕಡೆ ಕುಸಿದಿದೆ. ನಿಮ್ಮ ಔಷಧಿ ಕ್ಯಾನ್ಸರ್ ಮೇಲೆ ಛೂ ಬಿಟ್ಟ ಮೈಯ ಕಾವಲುಗಾರರು ಕೆಲವರಲ್ಲಿ ಮನೆ ಗೋಡೆನೂ, ಅಂದ್ರೆ ಮೂಳೆನೂ ಕೆರೀತಾರೆ." ವಯಸ್ಸೂ ಸೇರಿಕೊಂಡಿದೆಯಂತೆ. ಆದರೂ ಕ್ಯಾನ್ಸರಿನ ಔಷಧಿ ನಿಲ್ಲಿಸಬೇಕಿಲ್ಲ. ಮೂಳೆಗೆ ಬೇರೆ ಚುಚ್ಚುಮದ್ದು, ಕ್ಯಾಲ್ಸಿಯಂ ಮಾತ್ರೆ, ಬೆಳಗಿನ ಬಿಸಿಲು. ಭಾರ ಎತ್ತುವಂತಿಲ್ಲ. ಮೂಳೆ ಮುರಿದಿದೆ ಎಂದು ಕೇಳಿ ಹಿಗ್ಗಿದ ಹೆಂಗಸನ್ನು ನಾನು ನೋಡಿದ್ದು ಅವತ್ತೇ. ಬರುವ ದಾರಿಯಲ್ಲಿ ಎರಡು ಬಟ್ಟಲು ಸೋತೊ ಸಾರು ಕುಡಿದಳು. ಈಗ ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯ ಮೇಲೆ ನೆಟ್ಟಗೆ ಕೂತು ಬಾತಿಕ್ ಬರೆಯುತ್ತಾಳೆ. ಏನಮ್ಮ, ಬ್ಯಾಂಕ್ ಮ್ಯಾನೇಜರ್ ಆದ್ಯಾ ಎಂದು ಓಣಿಯ ಹೆಂಗಸರು ರೇಗಿಸುತ್ತಾರೆ. ಬಟ್ಟೆಯ ಅಂಚು ಮಾತ್ರ ಬಾಕಿ. ನನಗಂತೂ ಹೋದ ಜೀವ ಬಂದಂತಾಗಿದೆ ಮಗಳೇ.

ಅಲ್ಲಿಯ ಅಜ್ಜಿಗೆ ನಮ್ಮ ನಮಸ್ಕಾರ ಹೇಳು. ದೇವರು ನಿನ್ನ ಬೆನ್ನನ್ನು ಗಟ್ಟಿಯಾಗಿಟ್ಟಿರಲಿ.

ನಿನ್ನ ಅಪ್ಪ,
ಕರ್ಸೋನೊ

ಮರೆತ ಮಾತು: ಸುಳ್ಳು, ಮರೆತದ್ದಲ್ಲ. ಬಾತಿಕ್ ಬರೆಯುವ ಹೆಂಗಸರ ಬೆನ್ನನ್ನು ನೋವು ಇಳಿಯಲೆಂದು ಸಂಜೆ ಮನೆಯವರು ತುಳಿಯುವುದು ನಿನಗೆ ಗೊತ್ತೇ ಇದೆ. ಜೂನ್‌ನಲ್ಲಿ ಒಂದು ಸಂಜೆ ನಾನು ಅವಳ ಬೆನ್ನ ಮೇಲೆ ಹತ್ತಿ ನಿಂತಾಗ ಲಟಕ್ ಎಂದಿತು. ಹಿಡಿದದ್ದು ಬಿಟ್ಟಿತೆಂದು ಹೆಮ್ಮೆಪಟ್ಟೆ. ಮುರಿದದ್ದು ಆಗಲೇ ಇರಬೇಕು. ಅವಳಿಗೆ ಹೇಳುವ ಧೈರ್ಯ ಸಾಲದೆ ವಾರದಿಂದ ಅಡಿಗೆ, ಕಸ, ಬಟ್ಟೆ ಎಲ್ಲ ನಾನೇ ಮಾಡುತ್ತಿದ್ದೇನೆ. ನೀನಾದರೂ ಮೆಲ್ಲಗೆ ಹೇಳು ಎಂದು ಇಷ್ಟು ಬರೆಯುವಷ್ಟರಲ್ಲಿ ನಿನ್ನ ಅಮ್ಮ ನನ್ನ ಹಿಂದೆ ನಿಂತು ಓದಿಬಿಟ್ಟಳು. ಡಾಕ್ಟರಮ್ಮ ಹೇಳಿದ ದಿನವೇ ಅವಳಿಗೆ ಹೊಳೆದಿತ್ತಂತೆ. ಮತ್ತೆ ಯಾಕೆ ಬಯ್ಯಲಿಲ್ಲ ಎಂದೆ. "ಬೈದ್ಬಿಟ್ಟಿದ್ರೆ ನಿಮ್ ಪಾಪ ಅವತ್ತೇ ತೀರೋಗ್ತಿತ್ತು. ಆಮೇಲೆ ಅನ್ನ ಮಾಡೋರ್ಯಾರು?"